ಹತ್ತು ಸರದಿಯ ಬಿಕ್ಕಳಿಕೆ

ನನ್ನ ಸೋದರಮಾವನಿಗೆ ದಿನಾ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಬಿಕ್ಕಳಿಕೆ ಬರುತ್ತದೆ. ಹಾಲಿನವನು ತಪ್ಪಿಸಿಯಾನು, ಪೇಪರಿನವನು ತಪ್ಪಿಸಿಯಾನು, ಮಾವನ ಬಿಕ್ಕಳಿಕೆ ಮಾತ್ರ ಮಳೆ ಬರಲಿ, ಹರತಾಳ ಬರಲಿ, ತಪ್ಪಿದ್ದಿಲ್ಲ. ನಡುವೆ ಎರಡು ದಿನ ತಪ್ಪಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ನೀರು ಕುಡಿಸಿ ಎನ್ನುತ್ತೀರಾ? ಬಾಯಿಗೆ ಸಕ್ಕರೆ ಹಾಕಿ, ಹಿಂದಿನಿಂದ ಬಂದು ಹೆದರಿಸಿ ಎನ್ನುತ್ತೀರಾ? ಒಂದೂ ನಾಟುವುದಿಲ್ಲ. ಏಕೆಂದರೆ ಬಿಕ್ಕಳಿಕೆ ಬರುವುದು ಮಾವನ ಗಂಟಲಿಗಲ್ಲ, ಕಂಪ್ಯೂಟರಿನೊಳಗೆ ಸೌಟು ಹಿಡಿದು ನಿಂತಿರುವ ಅವರ ಇನ್ನೊಂದು ಅವತಾರಕ್ಕೆ!

ಮೊದಲಿಂದಲೇ ಹೇಳಬೇಕು. ಮಾವ ಕಾಸರಗೋಡಿನ ಒಂದು ಸರಕಾರಿ ಕಚೇರಿಯಲ್ಲಿ ಭಾಷಾಂತರಕಾರರಾಗಿದ್ದರು. ತಿರುವನಂತಪುರದಿಂದ ಮಲೆಯಾಳದಲ್ಲಿ ಬಂದ ಆಜ್ಞೆ, ಸೂಚನೆ, ಸುತ್ತೋಲೆಗಳನ್ನು ನಮ್ಮಂಥ ಕನ್ನಡದವರಿಗಾಗಿ ಕನ್ನಡಕ್ಕೆ ತಿರುಗಿಸಿ ಗೋಡೆಗೆ ಅಂಟಿಸುವ ಕೆಲಸ. ಆ ಕೆಲಸವನ್ನು ಅವರು ಪೂಜೆ ಮಾಡಿದ ಹಾಗೆ ಮಾಡುತ್ತಿದ್ದರು. ಮಲೆಯಾಳದಲ್ಲಿ ಅರ್ಜಿಗೆ ‘ಅಪೇಕ್ಷೆ’ ಎನ್ನುತ್ತಾರಲ್ಲ, ಅದು ನಮ್ಮ ಕಚೇರಿಗಳ ಕನ್ನಡದೊಳಗೂ ನುಗ್ಗಿ ಕುರ್ಚಿ ಹಾಕಿ ಕೂತಿದೆ. ಮಾವನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಯಾರಾದರೂ “ಒಂದು ಅಪೇಕ್ಷೆ ಕೊಡ್ಲಿಕ್ಕುಂಟು ಸಾರ್” ಎಂದು ಬಂದರೆ ಪೆನ್ನು ಕೆಳಗಿಟ್ಟು ಹೇಳುತ್ತಿದ್ದರಂತೆ: “ಅಪೇಕ್ಷೆ ಮನಸ್ಸಿನಲ್ಲಿ ಇಟ್ಟುಕೊಳ್ಳುವಂಥದ್ದು ಮಾರಾಯ. ಮೇಜಿನ ಮೇಲೆ ಇಡುವುದು ಅರ್ಜಿ!”

ಇಷ್ಟು ಮುತುವರ್ಜಿಯಿಂದ ತಿರುಗಿಸಿದ್ದನ್ನು ಯಾರಾದರೂ ಓದುತ್ತಿದ್ದರೇ? ಮಾವನಿಗೂ ಈ ಸಂಶಯ ಬಂದು ಒಮ್ಮೆ ಪರೀಕ್ಷೆ ಮಾಡಿದರು. ಯಾವುದೋ ನಾಲ್ಕು ಪುಟದ ಸೂಚನೆಯ ಮೂರನೆಯ ಪುಟದಲ್ಲಿ, ನಿಬಂಧನೆಗಳ ನಡುವೆ, “ಇದನ್ನು ಇಲ್ಲಿಯವರೆಗೆ ಓದಿದವರು ಎರಡನೇ ಮಹಡಿಯ ಭಾಷಾಂತರ ವಿಭಾಗಕ್ಕೆ ಬಂದು ಒಂದು ಚಹಾ ಕುಡಿದು ಹೋಗತಕ್ಕದ್ದು” ಎಂದು ಸೇರಿಸಿಬಿಟ್ಟರು. ಸೂಚನೆ ಮೂರು ತಿಂಗಳು ಗೋಡೆಯಲ್ಲಿತ್ತು. ಮಾವ ಮೂರು ತಿಂಗಳೂ ಫ್ಲಾಸ್ಕಿನಲ್ಲಿ ಒಂದು ಲೋಟ ಚಹಾ ಹೆಚ್ಚು ತರಿಸಿಟ್ಟರು. ಒಬ್ಬನೂ ಬರಲಿಲ್ಲ! ಈ ಕಥೆಯನ್ನು ಅವರು ನಗಾಡುತ್ತಲೇ ಹೇಳುತ್ತಾರೆ, ನಾವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಟದ ಹುಚ್ಚು ಹತ್ತಿದ್ದು ಇದೇ ಕಚೇರಿಯಲ್ಲಿ. ಮಲೆಯಾಳದಲ್ಲಿ ಬಿಕ್ಕಳಿಕೆಗೆ ‘ಇಕ್ಕಿಳ್’, ಕಚಗುಳಿಗೆ ‘ಇಕ್ಕಿಳಿ’. ನಡುವೆ ಒಂದು ಇಕಾರದ ಅಂತರ. ಹಿಂದೆ ಯಾರೋ ತಿರುಗಿಸಿದ ಆರೋಗ್ಯದ ಕರಪತ್ರವೊಂದರಲ್ಲಿ “ಕಚಗುಳಿ ಎರಡು ದಿನದಲ್ಲಿ ನಿಲ್ಲದಿದ್ದರೆ ವೈದ್ಯರನ್ನು ಕಾಣತಕ್ಕದ್ದು” ಎಂದಿತ್ತಂತೆ. ಅದನ್ನು ತಿದ್ದಲು ಹೊರಟ ಮಾವ, ಇರಲಿ ಎಂದು ಬಿಕ್ಕಳಿಕೆಯ ಇಂಗ್ಲಿಷ್ ಪದವನ್ನೂ ಕಂಪ್ಯೂಟರಿನಲ್ಲಿ ಹುಡುಕಿದರು. ಸಿಕ್ಕಿದ್ದು ವೈದ್ಯರಲ್ಲ, ಒಂದು ಆಟ. ಯಾವುದೋ ದೇಶದ ತಲೆಹರಟೆಗಳು ಮಾಡಿದ ಆಟ. ಗ್ರಾಫಿಕ್ಸು, ಗುಂಡು, ಬಂದೂಕು ಎಂತದೂ ಇಲ್ಲ. ಬರೀ ಅಕ್ಷರ, ಬರೀ ತಮಾಷೆ. ನೀವು ಒಬ್ಬ ವೀರ. ನಿಮ್ಮ ಆಯುಧ ಸೌಟು. ನಿಮ್ಮ ಶತ್ರು ಸಿಟ್ಟಾದ ಕುಂಬಳಕಾಯಿ! ದಿನಕ್ಕೆ ಇಷ್ಟು ಸರದಿ ಎಂದು ಲೆಕ್ಕ. ಸರದಿ ಮುಗಿದರೆ ಮರುದಿನ ಬರಬೇಕು. ಪೂರ್ತಿ ಓದುವುದೇ ಇರುವ ಆಟ ಎಂದರೆ, ಓದುವವರಿಗಾಗಿ ಮೂರು ತಿಂಗಳು ಚಹಾ ಇಟ್ಟುಕೊಂಡು ಕಾದ ಮನುಷ್ಯನಿಗೆ ಇನ್ನೆಂತ ಬೇಕು?

ಆಡಿದ್ದು ಸಾಲದೆಂದು ಮಾವ ಆಟವನ್ನು ಕನ್ನಡಕ್ಕೆ ತಿರುಗಿಸಲು ಕೂತರು. ಯಾರೂ ಕೇಳಿರಲಿಲ್ಲ. ಒಂದು ದಪ್ಪ ನೋಟು ಪುಸ್ತಕ, ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಎಲ್ಲ ಸಲೀಸಾಗಿ ಹೋಗುತ್ತಿದ್ದದ್ದು ಒಂದು ಕಡೆ ಸಿಕ್ಕಿಬಿದ್ದಿತು. ಆಟದಲ್ಲಿ ವೀರನ ಮೇಲೆ ಆಗಾಗ ಏನಾದರೊಂದು ಅವಸ್ಥೆ ಬಂದು ಕೂರುತ್ತದೆ. ‘ಒದ್ದೆ ಕಾಲುಚೀಲ’ ಬಂದರೆ ಓಡಲಿಕ್ಕಾಗುವುದಿಲ್ಲ. ‘ತಲೆಯಲ್ಲಿ ಸಿಕ್ಕಿಕೊಂಡ ಹಾಡು’ ಬಂದರೆ ಗುರಿ ತಪ್ಪುತ್ತದೆ. ಐದೋ ಹತ್ತೋ ಸರದಿ ಇದ್ದು ತಾನಾಗಿ ಬಿಟ್ಟುಹೋಗುತ್ತದೆ. ಇದಕ್ಕೆ ಇಂಗ್ಲಿಷಿನವರು ಸ್ಟೇಟಸ್ ಇಫೆಕ್ಟ್ ಎಂದು ಹೇಳಿ ಕೈತೊಳೆದುಕೊಂಡಿದ್ದಾರೆ. ಕನ್ನಡದಲ್ಲಿ? ಮಾವ ನನಗೆ ಫೋನು ಮಾಡಿದರು. ನಾನು ಕುಂಬಳೆಯ ಹತ್ತಿರ ಹೈಸ್ಕೂಲಿನಲ್ಲಿ ಕನ್ನಡ ಟೀಚರು.

“ಒಂದು ಪದ ಬೇಕಿತ್ತು.”

“ಸ್ಥಿತಿ ಪರಿಣಾಮ ಅಂತ ಹಾಕಿ ಮಾವ.”

“ಛೀ! ರೇಶನ್ ಕಾರ್ಡಿನ ಕಾಲಮ್ಮಿನ ಹಾಗೆ ಕೇಳ್ತದೆ.”

“ತಾತ್ಕಾಲಿಕ ಅವಸ್ಥೆ?”

“ಅದು ನಮ್ಮ ಬಸ್‌ಸ್ಟ್ಯಾಂಡಿಗೆ ಹೇಳುವಂಥದ್ದು.”

ಮೂರು ದಿನ ಬಿಟ್ಟು ಮತ್ತೆ ಫೋನು. ದನಿಯಲ್ಲಿ ಹಬ್ಬ! “ಸಿಕ್ಕಿತು ಮಾರಾಯ್ತಿ! ಗ್ರಹಚಾರ! ನಾವು ಕೇಳುವುದಿಲ್ವಾ, ನಿನಗೆಂತ ಗ್ರಹಚಾರ ಅಂತ? ಬರ್ತದೆ, ಸ್ವಲ್ಪ ಸಮಯ ಇರ್ತದೆ, ಹೋಗ್ತದೆ. ಸರಿಯಾಗಿ ಕೂತಿತು ನೋಡು!”

ಪದವೇನೋ ಸರಿಯಾಗಿ ಕೂತಿತು. ಆದರೆ ಮಾವ ಅದನ್ನು ಪುಸ್ತಕದಲ್ಲೇ ಕೂರಲು ಬಿಡಬೇಕಲ್ಲ! ಕಂಡವರಿಗೆಲ್ಲ ಗ್ರಹಚಾರ ಹಚ್ಚತೊಡಗಿದರು. ಸಿಡುಕುವ ಬಸ್ ಕಂಡಕ್ಟರಿಗೆ ‘ಹಸಿದ ಹೊಟ್ಟೆ’, ಇನ್ನು ಮೂರು ಸ್ಟಾಪಿನದ್ದು. ಮಾವ ಬಾಡಿಗೆಗಿರುವ ಮಹಡಿಯ ಕೆಳಗೆ ಬಟ್ಟೆ ಅಂಗಡಿ ಇಟ್ಟಿರುವ ಹಾಜಿಯವರನ್ನು “ಇವತ್ತು ಎಂತ ಗ್ರಹಚಾರ ಹಾಜಿಯವರೇ?” ಎಂದು ಕೇಳಿದಾಗ ಅವರು ಮೊದಲು ಮುಖ ಕೆಂಪು ಮಾಡಿದರಂತೆ. ಈಗ ಅಭ್ಯಾಸವಾಗಿದೆ. “‘ಗಿರಾಕಿ ಇಲ್ಲ’ ಗ್ರಹಚಾರ ಮಾಷೆ, ಸಂಜೆ ತನಕ ಉಂಟು” ಎಂದು ಅವರೇ ಮುಂದಾಗಿ ಹೇಳುತ್ತಾರೆ. ಬರಹದ ಕೆಲಸದವರೆಲ್ಲ ಅವರಿಗೆ ‘ಮಾಷೆ’, ಎಂದರೆ ಮೇಷ್ಟ್ರು.

ಎಲ್ಲರೂ ಹಾಜಿಯವರಲ್ಲವಲ್ಲ. ಎಡನೀರಿನ ಕಡೆ ಸಂಬಂಧಿಕರ ಒಂದು ಮದುವೆ. ಮದುಮಗ ಮುಖ ಹಿಂಡಿಕೊಂಡು, ಬೆವರುತ್ತ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಾನೆ. ಮಾವ ವೇದಿಕೆ ಹತ್ತಿ, ಕೈಕುಲುಕಿ, ವಿಡಿಯೋದವನ ಮೈಕಿಗೂ ಕೇಳುವ ಹಾಗೆ ವಿಚಾರಿಸಿದರು: “ಎಂತ ಗ್ರಹಚಾರ ಮಾರಾಯ? ಇನ್ನೆಷ್ಟು ಸಮಯ ಉಂಟು?” ಪಕ್ಕದಲ್ಲೇ ಮದುಮಗಳ ಅಮ್ಮ! ಮೂರು ಕಡೆ ಜಾತಕ ತೋರಿಸಿ ತಂದ ಅಳಿಯ! ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಜಾತಕ ನೋಡಿದ ಜೋಯಿಸರನ್ನು ಊಟದ ಪಂಕ್ತಿಯಿಂದಲೇ ಎಬ್ಬಿಸಿ ಕರೆಸಿದರು. ಅವರು ಸಾರಿನ ಕೈಯಲ್ಲೇ ಮತ್ತೊಮ್ಮೆ ಗ್ರಹ ಎಣಿಸಬೇಕಾಯಿತು. ಅತ್ತ ಮದುಮಗ ಮಾವನ ಕಿವಿಯಲ್ಲಿ ಹೇಳಿದನಂತೆ: “ಶೂ ಒಂದು ಸೈಜು ಸಣ್ಣದು ಮಾವ. ಊಟದ ತನಕ ಉಂಟು.”

ಅಂದಿನಿಂದ ನಮ್ಮ ಕುಟುಂಬದ ಮದುವೆಗಳಿಗೆ ಮಾವನಿಗೆ ಆಮಂತ್ರಣದ ಕಾಗದ ಮಾತ್ರ ಹೋಗುತ್ತದೆ, ಕರೆಯಲು ಯಾರೂ ಹೋಗುವುದಿಲ್ಲ. ಮನೆಗೆ ಬಂದು ಕರೆಯದೆ ಮಾವ ಹೊರಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ಈಗ ಬಿಕ್ಕಳಿಕೆಯ ಮಹಾಯುದ್ಧಕ್ಕೆ ಬರೋಣ. ಆಟದಲ್ಲಿ ಹತ್ತಾರು ಜನ ಸೇರಿ ಕೂಟ ಕಟ್ಟಿಕೊಳ್ಳುತ್ತಾರೆ. ಮಾವ ಸೇರಿದ ಕೂಟದಲ್ಲಿ ಹನ್ನೆರಡು ಜನ: ಫಿನ್ಲೆಂಡಿನ ಒಬ್ಬಳು ನರ್ಸು, ಬ್ರೆಜಿಲಿನ ಒಬ್ಬ ಬಸ್ ಡ್ರೈವರು, ಹೀಗೆ. ಸೂರ್ಯ ಎಲ್ಲೆಲ್ಲಿ ಹುಟ್ಟುತ್ತಾನೋ ಅಲ್ಲಲ್ಲಿಯ ಒಬ್ಬೊಬ್ಬರು. ಈ ಆಟದಲ್ಲಿ ಒಬ್ಬರು ಇನ್ನೊಬ್ಬರಿಗೆ ದಿನಕ್ಕೊಂದು ಸಲ ‘ಬಿಕ್ಕಳಿಕೆ’ ಎಂಬ ಗ್ರಹಚಾರ ಕಳಿಸಬಹುದು. ಹತ್ತು ಸರದಿ ಇರುತ್ತದೆ. ಅದು ಶತ್ರುಗಳಿಗೆ ಕಳಿಸುವಂಥದ್ದು! ಬಿಕ್ಕಳಿಸುವವನ ಸೌಟು ಎರಡರಲ್ಲಿ ಒಂದು ಏಟು ತಪ್ಪಿ ಗಾಳಿಗೆ ಬೀಳುತ್ತದೆ.

ನಮ್ಮಲ್ಲಿ ಬಿಕ್ಕಳಿಕೆ ಎಂದರೆ ಎಂತ? ನಿಮಗೂ ಗೊತ್ತಲ್ಲ. ಎಲ್ಲೋ ಯಾರೋ ನಮ್ಮನ್ನು ನೆನೆಸಿಕೊಂಡಿದ್ದಾರೆ ಎಂದು. ಯಾರೆಂದು ತಿಳಿಯಲು ಒಬ್ಬೊಬ್ಬರದೇ ಹೆಸರು ಹೇಳುತ್ತ ಹೋಗಬೇಕು, ಯಾರ ಹೆಸರಿಗೆ ನಿಲ್ಲುತ್ತದೋ ಅವರೇ. ಸಣ್ಣವಳಿದ್ದಾಗ ನನಗೆ ಬಿಕ್ಕಳಿಕೆ ಬಂದರೆ ಮಾವ ತೊಡೆಯ ಮೇಲೆ ಕೂರಿಸಿಕೊಂಡು ಹೆಸರು ಹೇಳಿಸುತ್ತಿದ್ದರು. ಅಜ್ಜಿ? ಹಿಕ್! ಚಿಕ್ಕಮ್ಮ? ಹಿಕ್! ಕೊನೆಗೆ ‘ಮಾವ’ ಎನ್ನುವಾಗ ಬಾಯಿಗೆ ನೀರಿನ ಲೋಟ ಹಿಡಿಯುತ್ತಿದ್ದರು. ನಿಂತಿತಲ್ಲ! “ನೋಡಿದಿಯಾ ಚಿಮಿಣಿ, ನೆನೆಸಿದ್ದು ನಾನೇ” ಎನ್ನುವುದು. ಹುಟ್ಟುವಾಗ ನಾನು ಚಿಮಿಣಿ ದೀಪದಷ್ಟೇ ಇದ್ದೆನಂತೆ. ಹಾಗಾಗಿ ಅವರಿಗೆ ನಾನು ಚಿಮಿಣಿ, ಬೇರೆ ಯಾರಿಗೂ ಅಲ್ಲ. ಆ ನೀರಿನ ಮೋಸ ನನಗೆ ಅರ್ಥವಾಗಲು ಎಷ್ಟೋ ವರ್ಷ ಹಿಡಿಯಿತು.

ಅಂಥ ಮಾವ ಎಂತ ಮಾಡಿದರು? ವರ್ಷಕ್ಕೊಮ್ಮೆ ಬರುವ ದೊಡ್ಡ ಕಾಳಗದ ದಿನ, ರಾಕ್ಷಸ ಉಪ್ಪಿನಕಾಯಿ ಭರಣಿಯ ಮೇಲೆ ಕೂಟ ದಂಡೆತ್ತಿ ಹೋಗುವ ದಿನ ಬೆಳಿಗ್ಗೆ, ಮಿಂದು ಮಡಿಯಾಗಿ ಕೂತು ತಮ್ಮ ಹನ್ನೊಂದು ಗೆಳೆಯರಿಗೂ ಪ್ರೀತಿಯಿಂದ ಒಂದೊಂದು ಬಿಕ್ಕಳಿಕೆ ಕಳಿಸಿಬಿಟ್ಟರು! ಹನ್ನೊಂದು ಸೌಟುಗಳೂ ಗಾಳಿಗೆ! ಭರಣಿ ಎಲ್ಲರನ್ನೂ ಉಪ್ಪು ಹಾಕಿ ಮುಚ್ಚಿಟ್ಟಿತು.

ಕೂಟದವರು ಸಿಟ್ಟಾಗಿ ಮಾವನಿಂದ ಸಮಜಾಯಿಷಿ ಕೇಳಿದರು. ಸಮಜಾಯಿಷಿ ಬರೆಯುವುದು ಮಾವನಿಗೆ ಹೇಳಿಕೊಡಬೇಕೇ? ‘ವಿತ್ ರೆಫರೆನ್ಸ್ ಟು ದಿ ಸಬ್ಜೆಕ್ಟ್ ಸೈಟೆಡ್ ಅಬೋವ್’ ಎಂದು ಶುರುಮಾಡಿ ಎರಡು ಪುಟ ಬರೆದರು. ನಮ್ಮ ಊರಿನಲ್ಲಿ ಬಿಕ್ಕಳಿಕೆ ಏಟಲ್ಲ, ನೆನಪು, ಕಾಳಗಕ್ಕೆ ಹೋಗುವವರನ್ನು ನೆನೆಸದೆ ಇರುವುದು ಸರಿಯಲ್ಲ ಎಂದು ಕಳಿಸಿದ್ದು, ಆದುದರಿಂದ ಮನ್ನಿಸತಕ್ಕದ್ದು. ಉತ್ತರ ಬಂದ ಕೂಡಲೇ ನನಗೆ ಫೋನು.

“ಎಲ್ ಓ ಎಲ್ ಅಂತ ಬರೆದಿದ್ದಾರೆ. ಹಾಗೆಂದರೆ ಎಂತ?”

“ನಗಾಡಿದ್ದು ಮಾವ.”

“ಹಾಗಾದರೆ ಮಂಜೂರಾಯಿತು!”

ಮಂಜೂರಾದದ್ದು ಮಾತ್ರವಲ್ಲ. ಆ ಫಿನ್ಲೆಂಡಿನ ನರ್ಸಮ್ಮ ಕೆಲವು ದಿನ ಬಿಟ್ಟು ಬರೆದಳಂತೆ: ಡ್ಯೂಟಿಯಲ್ಲಿರುವಾಗ ನಿಜವಾದ ಬಿಕ್ಕಳಿಕೆ ಬಂತು, ಕೂಟದ ಎಲ್ಲರ ಹೆಸರು ಹೇಳಿದೆ, ನಿಮ್ಮ ಹೆಸರಿಗೆ ನಿಂತಿತು ಎಂದು. ಇದನ್ನು ಮಾವ ನನಗೆ ಹತ್ತು ಸಲವಾದರೂ ಹೇಳಿರಬೇಕು. ಹತ್ತನೆಯ ಸಲ ನಾನು ಪರೀಕ್ಷೆಯ ಪೇಪರು ತಿದ್ದುತ್ತ, ಹೂಂ ಹೂಂ ಎನ್ನುತ್ತಿದ್ದೆ.

ಆಟಕ್ಕೂ ಆಯುಷ್ಯ ಉಂಟಲ್ಲ. ಜನ ಬಿಡುತ್ತ ಬಂದರು. ಡ್ರೈವರು ಬಿಟ್ಟ, ಆಮೇಲೆ ನರ್ಸಮ್ಮನೂ ಹೇಳದೆ ಕೇಳದೆ ಬಿಟ್ಟಳು. ಅಷ್ಟರಲ್ಲಿ ಮಾವನೂ ನಿವೃತ್ತರಾದರು. ಆ ಮೇಲೆ ನನಗೆ ಫೋನು ಹೆಚ್ಚಾಯಿತು. “ಒಂದು ಪದ ಬೇಕಿತ್ತು.” ದಿನಕ್ಕೊಂದು ಪದ! ಈ ಪದಗಳಾದರೂ ಎಂಥವು? ‘ಸೌಟಿಗೆ ಇನ್ನೊಂದು ಹೆಸರು ಎಂತ?’ ಮೂರು ಭಾಷೆ ಅರೆದು ಕುಡಿದ ಮನುಷ್ಯನಿಗೆ ಸೌಟಿನ ಇನ್ನೊಂದು ಹೆಸರು ಗೊತ್ತಿಲ್ಲವೇ? ನನಗೆ ಈ ಪ್ರಶ್ನೆ ಆಗ ಹೊಳೆಯಲೇ ಇಲ್ಲ, ನೋಡಿ!

ಹೊಳೆದದ್ದು ಬೇರೆ. ಎರಡು ವರ್ಷದ ಹಿಂದೆ, ದೀಪಾವಳಿಯ ದಿನ, ಮನೆ ತುಂಬ ನೆಂಟರು, ಬಾಣಲೆಯಲ್ಲಿ ಎಣ್ಣೆ ಕಾಯುತ್ತಿದೆ, ಮಾವನ ಫೋನು. “ಒಂದು ಪದ ಬೇಕಿತ್ತು.” ನಾನು ಹೇಳಿಬಿಟ್ಟೆ: “ಪದ ಬೇಕಾದ್ರೆ ನಿಘಂಟು ನೋಡಿ ಮಾವ! ನನಗೆ ಬೇರೆ ಕೆಲಸ ಇಲ್ವಾ?”

“ಹೌದೌದು, ನಿಘಂಟು ಉಂಟು” ಎಂದು ಮಾವ ಫೋನಿಟ್ಟರು. ಆಮೇಲೆ ಅವರ ಫೋನು ಬರಲಿಲ್ಲ. ಮೊದಲು ನನಗೆ ಹಾಯೆನಿಸಿತು. ಹೇಳಲು ಈಗ ನಾಚಿಕೆಯಾಗುತ್ತದೆ. ಹೋಗಿ ನೋಡಿಕೊಂಡು ಬರಬಹುದಿತ್ತು. ಕುಂಬಳೆಯಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಹೈವೇ ಅಗಲ ಮಾಡುವ ಕೆಲಸ ನಡೆಯುತ್ತಿದ್ದಷ್ಟು ಕಾಲ, ಧೂಳು, ಬ್ಲಾಕು, ಯಾರು ಹೋಗುವುದು ಎಂದು ನೆಪ ಹೇಳಿದೆ. ರಸ್ತೆ ಮುಗಿದು ನೆಪವೂ ಮುಗಿದ ಮೇಲೆ ನೆಪವಿಲ್ಲದೆಯೇ ಹೋಗಲಿಲ್ಲ.

ಆಗಲೇ ಈ ಸುದ್ದಿ ಹಬ್ಬಿದ್ದು. ಶ್ರಾದ್ಧಕ್ಕೆ ಮಾವ ಬಂದಿದ್ದಾಗ ಅಮ್ಮ ತನ್ನ ಈ ತಮ್ಮನನ್ನು ಕೇಳಿದಳು, ಆ ಹಾಳು ಆಟದಲ್ಲಿ ಇನ್ನೂ ಯಾರಾದರೂ ಉಂಟಾ ಎಂದು.

ಮಾವ ಪಾಯಸ ಸುರಿದುಣ್ಣುತ್ತ ಹೇಳಿದರು: “ಒಬ್ಬಳು ಉಂಟು. ದಿನಾ ಬೆಳಿಗ್ಗೆ ಏಳೂವರೆಗೆ ಬಿಕ್ಕಳಿಕೆ ಕಳಿಸ್ತಾಳೆ. ಒಂದು ದಿನ ತಪ್ಪಿಸುವುದಿಲ್ಲ.”

“ಒಬ್ಬಳಾ? ಎಲ್ಲಿಯವಳು?”

“ನಮ್ಮ ಕಡೆಯವಳೇ.”

ಪಂಕ್ತಿಯಲ್ಲಿ ಎಲ್ಲರ ಕೈ ಎಲೆಯ ಮೇಲೆಯೇ ನಿಂತಿತು! ಮದುವೆಯೇ ಬೇಡವೆಂದು ಮೂವತ್ತು ವರ್ಷ ಎಲ್ಲರನ್ನೂ ಓಡಿಸಿದ ಮನುಷ್ಯನಿಗೆ ಅರುವತ್ತು ದಾಟಿದ ಮೇಲೆ ದಿನಾ ಏಳೂವರೆಗೆ ಒಬ್ಬಳು! ನಾನೂ ಬಿಡಲಿಲ್ಲ. “ಮದುವೆ ಊಟ ಯಾವಾಗ ಮಾವ?” ಎಂದೆ. ಮಾವ ನನ್ನನ್ನು ಒಮ್ಮೆ ನೋಡಿ, ನಕ್ಕು, ಪಾಯಸದ ಎಲೆ ಮಡಚಿ ಎದ್ದರು. ಅಮ್ಮನಿಗೆ ಮಾತ್ರ ನಗು ಬರಲಿಲ್ಲ. ಯಾರೋ ಮೋಸದವಳು ತಮ್ಮನನ್ನು ಬಲೆಗೆ ಹಾಕಿದ್ದಾಳೆ ಎಂದು ಅವಳಿಗೆ ಖಾತ್ರಿ.

ಹಾಗಾಗಿ ಮಾವನಿಗೆ ಮಂಗಳೂರಿನಲ್ಲಿ ಕಣ್ಣಿನ ಪೊರೆ ತೆಗೆಸುವುದೆಂದಾದಾಗ, ನೋಡಿಕೊಳ್ಳಲು ಅಮ್ಮ ನನ್ನನ್ನೇ ಅಟ್ಟಿದಳು. “ಮದ್ದು ಬಿಡುವುದು ಯಾರಾದರೂ ಮಾಡ್ತಾರೆ. ನೀನು ಹೋಗಿ ಆ ಕಂಪ್ಯೂಟರಿನಲ್ಲಿ ಅವಳು ಯಾರೂಂತ ನೋಡಿಕೊಂಡು ಬಾ.” ನಾನು ಮೂರು ದಿನ ರಜೆ ಹಾಕಿ ಪತ್ತೇದಾರಳಾಗಿ ಹೊರಟೆ!

ಕರಿ ಕನ್ನಡಕ ಹಾಕಿಕೊಂಡ ಮಾವ ಸಿನಿಮಾದ ಕಳ್ಳಸಾಗಾಣಿಕೆದಾರನಂತೆ ಕಾಣುತ್ತಿದ್ದರು. ಹಾಜಿಯವರು ಕೆಳಗಿನಿಂದ ಅಕ್ಕಿಹಿಟ್ಟಿನ ಪತ್ತಿರಿ ರೊಟ್ಟಿ ಕಳಿಸಿಕೊಟ್ಟು, “ಮಾಷೆಯ ‘ಕರಿ ಕನ್ನಡಕ’ ಗ್ರಹಚಾರ ಎಷ್ಟು ದಿವಸ?” ಎಂದು ವಿಚಾರಿಸಿದರು. ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಒಂದೇ ಕುರ್ಚಿ. ನನಗೆ ಚಹಾ ಕೊಡಲು ಎರಡನೆಯ ಲೋಟ ಹುಡುಕಿದರೆ ಸಿಕ್ಕಿದ್ದು ಕಚೇರಿಯ ಆ ಹಳೆಯ ಫ್ಲಾಸ್ಕಿನ ಮುಚ್ಚಳ.

ಮರುದಿನ ಮಧ್ಯಾಹ್ನ ಮದ್ದು ಬಿಟ್ಟು, ಕಣ್ಣು ಮುಚ್ಚಿ ಮಲಗಿರಿ ಎಂದೆ. ಮಲಗಿದಲ್ಲಿಂದಲೇ ಮಾವ, “ಎರಡು ದಿನದಿಂದ ಆಟ ನೋಡಲಿಲ್ಲ. ಸ್ವಲ್ಪ ತೆರೆದು ನನ್ನ ವೀರ ಹೇಗಿದ್ದಾನೆ ಹೇಳ್ತೀಯಾ?” ಎಂದರು. ನಾನು ಇದಕ್ಕೇ ಕಾಯುತ್ತಿದ್ದವಳು!

ಆಟದ ಬಾಗಿಲಲ್ಲಿ ಎರಡು ಹೆಸರುಗಳು ತಾವಾಗಿ ಮೂಡಿದವು. ಗಡಿಬಿಡಿಯಲ್ಲಿ ಮೇಲಿನದ್ದನ್ನು ಒತ್ತಿದೆ. ತೆರೆದದ್ದು ಮಾವನ ವೀರನಲ್ಲ. ಅವಳೊಬ್ಬಳು ಹೆಣ್ಣು. ಹೆಸರು, ಇಂಗ್ಲಿಷ್ ಅಕ್ಷರಗಳಲ್ಲಿ, ಚಿಮಿಣಿ.

ಸೇರಿದ್ದು ಎರಡು ವರ್ಷದ ಹಿಂದಿನ ಆ ದೀಪಾವಳಿಯ ಮರುದಿನ. ಹೋರಾಡಿದ ಯುದ್ಧ ಒಂದೂ ಇಲ್ಲ. ಮೈಮೇಲೆ ಆಟದವರು ಪುಕ್ಕಟೆ ಕೊಡುವ ಗೋಣಿಬಟ್ಟೆ. ಕೈಯಲ್ಲಿ ಸೌಟು ಕೂಡ ಇಲ್ಲ. ಕಲಿತ ವಿದ್ಯೆ ಒಂದೇ, ಬಿಕ್ಕಳಿಕೆ ಕಳಿಸುವುದು. ಕಳಿಸಿದ್ದೆಲ್ಲ ಒಬ್ಬರಿಗೇ. ಪಟ್ಟಿ ಕೆಳಗೆ ಕೆಳಗೆ ಹೋಯಿತು. ಪ್ರತಿದಿನ ಬೆಳಿಗ್ಗೆ ಏಳೂವರೆ, ಏಳೂವರೆ, ಏಳೂವರೆ. ನನ್ನ ಮಗಳ ಹುಟ್ಟುಹಬ್ಬದ ದಿನ, ನಾವೆಲ್ಲ ಊಟಿಗೆ ಹೋದ ದಿನ, ಆಪರೇಶನ್ನಿನ ಈ ಎರಡು ದಿನ ಬಿಟ್ಟರೆ ಯಾವ ದಿನವನ್ನೂ ಚಿಮಿಣಿ ತಪ್ಪಿಸಿರಲಿಲ್ಲ. ನಾನು ಮರೆತ ಅಷ್ಟೂ ದಿನ ನನ್ನ ಹೆಸರಿನವಳು ಮಾವನನ್ನು ನೆನೆಸಿದ್ದಳು.

“ಸಿಕ್ಕಿತಾ?” ಮಂಚದಿಂದ ಮಾವನ ದನಿ.

“ಸಿಕ್ಕಿತು” ಎಂದೆ.

“ಬಿಕ್ಕಳಿಕೆ ಬಂದಿರಲಿಕ್ಕಿಲ್ಲ ಅಲ್ವಾ?” ಅವರೇ ಹೇಳಿದರು, “ಪಾಪ, ಅವಳದ್ದೂ ಕಣ್ಣಿನ ಆಪರೇಶನ್ ಇರಬೇಕು.”

ಈ ಮಾತಿಗೆ ಬೇರೆ ಯಾವ ದಿನವಾದರೂ ನಗುತ್ತಿದ್ದೆ. ಅಪೇಕ್ಷೆ ಮನಸ್ಸಿನಲ್ಲಿ ಇಟ್ಟುಕೊಳ್ಳುವಂಥದ್ದು ಎನ್ನುತ್ತಿದ್ದ ಮನುಷ್ಯ! ಒಂದು ಅರ್ಜಿ ಹಾಕಿಬಿಡಬಾರದಿತ್ತೇ, ಬಾ, ಬಂದು ಹೋಗು ಎಂದು? ದಿನಕ್ಕೊಂದು ಪದದ ಹೆಸರಿನಲ್ಲಿ ಹಾಕಿದ್ದು ಅದೇ ಅರ್ಜಿಯಾಗಿತ್ತು. ನಿಘಂಟು ನೋಡಿ ಎಂದು ತಿರಸ್ಕರಿಸಿದವಳು ನಾನು.

ಚಿಮಿಣಿಯ ಪುಟದಲ್ಲಿ ಕಳಿಸುವ ಗುಂಡಿ ಇತ್ತು. ಒತ್ತಿದೆ. ಹೊರಗೆ ಬಂದು ಮಾವನ ವೀರನ ಪುಟ ತೆರೆದೆ.

“ಬಂದಿದೆ ಮಾವ. ಹತ್ತು ಸರದಿಯದ್ದು.”

ಚಿಮಿಣಿ ತಾನಾಗಿ ಕಳಿಸುವವಳಲ್ಲ ಎಂದು ಮಾವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಮುಚ್ಚಿದ ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ನಾನು ಹತ್ತಿ ತೆಗೆದುಕೊಂಡು ಹೋಗಿ ಒರೆಸಿದೆ.

“ಮದ್ದು ಹೆಚ್ಚು ಬಿಟ್ಟೆ ನೀನು” ಎಂದರು.

“ಹೌದು ಮಾವ, ಹೆಚ್ಚಾಯಿತು.”

ಕೆಳಗೆ ಹಾಜಿಯವರು ಯಾರಿಗೋ ಬಟ್ಟೆಯ ಬಣ್ಣ ಹೋಗುವುದಿಲ್ಲ ಎಂದು ಆಣೆ ಹಾಕುತ್ತಿದ್ದರು. ಮಾವ ಮೆಲ್ಲಗೆ, “ಒಂದು ಪದ ಬೇಕಿತ್ತು” ಎಂದರು.

ನಾನು ಆ ಒಂದೇ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತೆ. “ಎಂತ ಪದ ಮಾವ? ನಿಧಾನ ಹೇಳಿ. ನನಗೆ ಬಸ್ಸಿನ ಗಡಿಬಿಡಿ ಇಲ್ಲ.”